ರ‍್ಯಾಂಗ್ಲರ್ ಡಾ. ಡಿ. ಸಿ. ಪಾವಟೆ

ವಿದೇಶದ ಪ್ರಾಚೀನ ವಿಶ್ವವಿದ್ಯಾನಿಲಯಗಳಲ್ಲಿ ಓದಬೇಕೆಂಬ ಹಂಬಲ ಸಕಲೇಶಪುರ, ಆಲೂರು ಬೆಟ್ಟಗಳ ನಮ್ಮ ಮಕ್ಕಳಲ್ಲೂ ಉಂಟು. ಹೋದವರು ಮರಳುವರೇ ಎಂಬುದು ಹೆತ್ತವರ ಅಳಲು. ಇಬ್ಬರೂ ಡಾ. ಪಾವಟೆಯವರ ಜೀವನವನ್ನು ಅರಿಯುವುದೊಳಿತು.

1899ರಲ್ಲಿ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಜನಿಸಿದ ಅವರು, ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ 1596ರಷ್ಟು ಹಿಂದೆಯೇ ಸ್ಥಾಪಿತವಾದ ಸಿಡ್ನಿ ಸಸೆಕ್ಸ್ ಕಾಲೇಜನ್ನು ಸೇರಿದರು. ಗಣಿತದಲ್ಲಿ ಪ್ರಥಮ ದರ್ಜೆಯವರಿಗೆ ಸಲ್ಲುವ ರ‍್ಯಾಂಗ್ಲರ್ ಪದವಿಗೆ 1927ರಲ್ಲಿ ಪಾತ್ರರಾದರು.

ಸ್ವದೇಶಕ್ಕೆ ಮರಳಿದ ಅವರು 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವನ್ನು ಉಪಕುಲಪತಿಗಳಾಗಿ ಕಟ್ಟಿ ಬೆಳೆಸಿದರು. ಅನಂತರ ಪಂಜಾಬಿನ ರಾಜ್ಯಪಾಲರಾದರು. 1979ರಲ್ಲಿ ನಿಧನರಾದರು. ಅವರ ಹೆಸರಿನ ಪ್ರತಿಷ್ಠಾನವು ಕನ್ನಡನಾಡಿನ ವಿದ್ವಾಂಸರನ್ನು ಅದೇ ಕಾಲೇಜಿಗೆ ಕಳುಹಿಸಿದೆ.

ಕಡಲಾಚೆ ಪಡೆದ ವಿದ್ಯೆಯನ್ನು ಅವರು ತಾಯ್ನಾಡಿಗೆ ಧಾರೆಯೆರೆದರು. ಮಕ್ಕಳೇ, ಹೋಗುವ ಹಂಬಲವಿರಲಿ. ಮರಳುವ ದಾರಿಯೂ ನೆನಪಿನಲ್ಲಿರಲಿ.