ಬೆಟ್ಟದ ಪರ ನಿಂತ ಅಜ್ಜ: ಕಾರಂತರ ಹೋರಾಟಕ್ಕೂ ನಮ್ಮ ಭೀಮಾ ತೀರಕ್ಕೂ ಏನು ಸಂಬಂಧ?

ಅಕ್ಟೋಬರ್ ಬಂತಂದ್ರ ನಮ್ಮ ಕಡಿ ಎರಡೇ ಮಾತು. ಒಂದು, ತೊಗರಿ ಹೂವಿಗೆ ಬಂತಾ ಅನ್ನೋದು. ಇನ್ನೊಂದು, ದಸರಾ ಸೂಟಿಗೆ ಎಲ್ಲಿಗೆ ಟ್ರಿಪ್ ಅನ್ನೋದು. ಆಳಂದ, ಅಫಜಲಪುರ, ಜೇವರ್ಗಿಯಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು ಮಂದಿ ದಾಂಡೇಲಿ, ಚಿಕ್ಕಮಗಳೂರು, ಕೊಡಗು ಅಂತ ಹೊರಡುತ್ತಾರೆ. ಬಿಸಿಲ ನಾಡಿನವರಿಗೆ ಹಸಿರು ಬೆಟ್ಟ ನೋಡೋ ಆಸೆ ಇರೋದು ತಪ್ಪೇನಲ್ಲ. ನಾನೂ ಒಮ್ಮೆ ಗೆಳೆಯರ ಜೊತೆ ಹೋಗಿ ಬಂದೀನಿ. ರೆಸಾರ್ಟ್ ಬಾಲ್ಕನಿಯಲ್ಲಿ ನಿಂತು ಫೋಟೋನೂ ತೆಗೆಸಿಕೊಂಡೀನಿ.

ಇದೇ ಅಕ್ಟೋಬರ್ 10 ಕೋಟ ಶಿವರಾಮ ಕಾರಂತರು ಹುಟ್ಟಿದ ದಿನ. ಸಾಲಿಯಲ್ಲಿ ನಮಗೆ ಅವರು ಅಂದ್ರ ಜ್ಞಾನಪೀಠ ಪಟ್ಟಿಯ ಒಂದು ಹೆಸರು, ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ನಾವು ಫೋಟೋ ತೆಗೆಸಿಕೊಳ್ಳೋ ಆ ಬೆಟ್ಟಗಳಿಗಾಗಿ ಅವರು 80 ದಾಟಿದ ಮೇಲೆ ಕೋರ್ಟು ಹತ್ತಿದ್ದರು, ಚುನಾವಣೆಗೆ ನಿಂತು ಸೋತಿದ್ದರು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಇವತ್ತು ಆ ಕಥೆ.

ಕಾಲೇಜು ಬಿಟ್ಟ ಹುಡುಗ

ಕಾರಂತರು ಹುಟ್ಟಿದ್ದು 1902ರಲ್ಲಿ, ಉಡುಪಿ ಹತ್ತಿರದ ಕೋಟದಲ್ಲಿ. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಆಗ ಆ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ಹುಡುಗ ಕಾಲೇಜು ಬಿಟ್ಟ. ಖಾದಿ, ಸ್ವದೇಶಿ ಅಂತ ಊರೂರು ತಿರುಗಿದ. ಮುಂದೆ ಯಾವ ಡಿಗ್ರಿಯನ್ನೂ ಪಡೆಯಲಿಲ್ಲ.

ನಾನೂ ಡಿಗ್ರಿ ನಡುವೆ ಬಿಟ್ಟವನೇ. ಆದರೆ ನಾನು ಬಿಟ್ಟದ್ದು ದೇಶಕ್ಕಾಗಿ ಅಲ್ಲ, ಮನಿ ಪರಿಸ್ಥಿತಿಗಾಗಿ. ಹೋಲಿಸಿಕೊಳ್ಳೋ ಧೈರ್ಯ ನನಗಿಲ್ಲ. ಡಿಗ್ರಿ ಇಲ್ಲದ ಆ ಮನುಷ್ಯ ಮಕ್ಕಳಿಗಾಗಿ ಬಾಲ ಪ್ರಪಂಚ, ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚ ಅನ್ನೋ ವಿಶ್ವಕೋಶಗಳನ್ನು ಒಬ್ಬರೇ ಕೂತು ಬರೆದರು ಅಂತ ಓದಿದಾಗ ಮಾತ್ರ ಸ್ವಲ್ಪ ಹುರುಪು ಬಂದಿತ್ತು.

ಅವರು ಕೈ ಹಾಕದ ಕೆಲಸ ಕಮ್ಮಿ. ಪತ್ರಿಕೆ ನಡೆಸಿದರು, ಮೂಕಿ ಸಿನಿಮಾ ತೆಗೆದರು, ಯಕ್ಷಗಾನ ಕುಣಿದರು, ಕುಣಿಸಿದರು. ಪುತ್ತೂರಿನಲ್ಲಿ ಬಾಲವನ ಕಟ್ಟಿ ಮಕ್ಕಳಿಗೆ ಆಟದ ಜೊತೆ ಪಾಠ ಹೇಳಿದರು. 1936ರಲ್ಲಿ ಜಾತಿ ಮೀರಿ ಲೀಲಾ ಅವರನ್ನು ಮದುವೆಯಾದರು. 40ಕ್ಕೂ ಹೆಚ್ಚು ಕಾದಂಬರಿ ಬರೆದರು. ಮೂಕಜ್ಜಿಯ ಕನಸುಗಳು ಕಾದಂಬರಿಗೆ 1977ರಲ್ಲಿ ಜ್ಞಾನಪೀಠ ಬಂತು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣ ವಾಪಸ್ ಕೊಟ್ಟರು. ಜನ ಅವರನ್ನು ಕಡಲ ತೀರದ ಭಾರ್ಗವ ಅಂತ ಕರೆದರು.

ಕಡಲ ತೀರದವರಾದರೂ ಅವರ ಕಾಲು ಎಳೆಯುತ್ತಿದ್ದದ್ದು ಘಟ್ಟದ ಕಡೆ. 1943ರ ಬೆಟ್ಟದ ಜೀವ ಕಾದಂಬರಿ ನಡೆಯೋದು ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ. ಆ ಕಥೆಯ ಗೋಪಾಲಯ್ಯ ಕಾಡಿನ ನಡುವೆ ಅಡಿಕೆ ತೋಟ ಮಾಡಿ ಬದುಕಿದ ಮುದುಕ. ಬೆಟ್ಟ ಅಂದ್ರ ಬರೀ ನೋಡೋ ಜಾಗ ಅಲ್ಲ, ಅಲ್ಲಿ ಮಂದಿ ಬಾಳ್ವಿ ಮಾಡ್ತಾರ ಅನ್ನೋದು ಕಾರಂತರಿಗೆ ಮೊದಲಿನಿಂದ ಗೊತ್ತಿತ್ತು.

ದನ ಮೇಯೋ ಜಾಗ ಕಂಪನಿಗೆ ಹೋದಾಗ

1984ರಲ್ಲಿ ರಾಜ್ಯ ಸರ್ಕಾರ ಹರಿಹರದ ಕಾರ್ಖಾನೆಯೊಂದರ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿತು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್, ಅಂದ್ರ ಹತ್ತಿರ ಹತ್ತಿರ 75,000 ಎಕರೆ ಸರ್ಕಾರಿ ಜಾಗ ಕೊಡೋ ಒಪ್ಪಂದ ಅದು. ಕಾಗದದ ಮೇಲೆ ಅದು ಪಾಳು ಜಮೀನು. ಊರಿನವರಿಗೆ ಅದೇ ದನ ಮೇಯೋ ಜಾಗ, ಸೌದೆ ತರೋ ಜಾಗ. ನಮ್ಮ ಕಡಿ ಗಾಯರಾಣ ಅಂತೀವಲ್ಲ, ಹಂಗ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದನ್ನು ಎದುರಿಸಿ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿದಾರರ ಸಾಲಿನಲ್ಲಿ ಕಾರಂತರ ಹೆಸರೂ ಇತ್ತು. ಆಗ ಅವರ ವಯಸ್ಸು 84ರ ಆಸುಪಾಸು. ಆ ಜಾಗದಲ್ಲಿ ಅವರದು ಒಂದು ಗುಂಟೆ ಹೊಲ ಇರಲಿಲ್ಲ, ಒಂದು ಎಮ್ಮೆ ಮೇಯುತ್ತಿರಲಿಲ್ಲ.

1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಮಾಡಿದರು. ಕಂಪನಿಯ ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಕೋರ್ಟು ಒಂದು ಕಡೆ, ಹೊಲದಾಗಿನ ಮಂದಿ ಇನ್ನೊಂದು ಕಡೆ ಒತ್ತಿದ್ದರಿಂದ 1991ರ ಹೊತ್ತಿಗೆ ಆ ಕಂಪನಿ ಮುಚ್ಚಿತು. ಇದು ಗೆದ್ದ ಕಥೆ.

ಸೋತ ಕಥೆ

ಕೈಗಾದಲ್ಲಿ ಹಂಗಾಗಲಿಲ್ಲ. ಉತ್ತರ ಕನ್ನಡದ ದಟ್ಟ ಕಾಡಿನ ನಡುವೆ, ಕಾಳಿ ನದಿ ದಂಡೆಯಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟೋ ತೀರ್ಮಾನವಾದಾಗ ಕಾರಂತರು ಬೀದಿಗಿಳಿದರು. ಭಾಷಣ ಮಾಡಿದರು, ಬರೆದರು, ಕೋರ್ಟಿಗೂ ಹೋದರು. ಕೆಲಸ ನಿಲ್ಲಲಿಲ್ಲ. ಕೊನೆಗೆ 1989ರ ಲೋಕಸಭಾ ಚುನಾವಣೆಯಲ್ಲಿ ಕೆನರಾ ಕ್ಷೇತ್ರದಿಂದ ತಾವೇ ನಿಂತರು. ವಯಸ್ಸು 87. ಕಾಡು, ನದಿ ಉಳಿಸೋದೇ ಅವರ ಪ್ರಚಾರ. ಹಣ ಇಲ್ಲ, ಪಕ್ಷದ ಬಲ ಇಲ್ಲ. ಸೋತರು.

1994ರ ಮೇನಲ್ಲಿ ಕಟ್ಟುತ್ತಿದ್ದ ಕೈಗಾ ಸ್ಥಾವರದ ಗುಮ್ಮಟದ ಒಳಪದರ ಕಳಚಿ ಬಿತ್ತು. ಒಳಗೆ ಇನ್ನೂ ಅಣು ಇಂಧನ ಇಟ್ಟಿರಲಿಲ್ಲ. ಅದನ್ನು ಮತ್ತೆ ಕಟ್ಟಿದರು, ಮುಂದೆ ಕರೆಂಟು ಶುರುವಾಯಿತು. ಆ ಕರೆಂಟು ಬೇಕಾಗಿತ್ತೋ ಬೇಡವಾಗಿತ್ತೋ ಅನ್ನೋ ವಾದ ಇನ್ನೂ ಮುಗಿದಿಲ್ಲ. ಆದರೆ ಕಟ್ಟೋ ಮುಂಚೆ ಅಲ್ಲಿನ ಜನರನ್ನು ಕೇಳಿದ್ರಾ ಅನ್ನೋ ಪ್ರಶ್ನೆಯನ್ನು ಆ ಅಜ್ಜ ಬಿಡಲಿಲ್ಲ. ಸೋತ ಮೇಲೂ ಕೇಳುತ್ತಲೇ ಇದ್ದರು.

ಕಾಡಿನೊಳಗಿನ ಹೋಟೆಲ್

ಈಗ ರೆಸಾರ್ಟಿಗೆ ಬರೋಣ. ಕಾರಂತರ ಕೊನೆಯ ವರ್ಷಗಳಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನದೊಳಗೆ, ಮೂರ್ಕಲ್ ಅನ್ನೋ ಜಾಗದ ಕಟ್ಟಡಗಳನ್ನು ಸರ್ಕಾರ ತಾಜ್ ಗುಂಪಿನ ಹೋಟೆಲ್ ಕಂಪನಿಗೆ ಲೀಸಿಗೆ ಕೊಟ್ಟಿತ್ತು. ಇದೇ ಕಾಡಿನಲ್ಲಿ ಕಾರಂತರ ಮಗ ಉಲ್ಲಾಸ ಕಾರಂತರು 1980ರ ದಶಕದಿಂದ ಹುಲಿಗಳ ಅಧ್ಯಯನ ಮಾಡುತ್ತಿದ್ದರು.

ಹೋಟೆಲ್ ವಿರುದ್ಧ ಎದ್ದವರು ಅಲ್ಲಿನ ಜೇನುಕುರುಬ, ಎರವ ಮುಂತಾದ ಬುಡಕಟ್ಟಿನ ಮಂದಿ. ಕಾಡು ಉಳಿಸಬೇಕು, ನೀವು ಹೊರಗೆ ಹೋಗಿ ಅಂತ ಅವರಿಗೆ ಹೇಳುತ್ತಿದ್ದರು. ಹಂಗಾದ್ರ ಹೋಟೆಲ್ ಹೆಂಗ ಒಳಗೆ ಬಂತು? ಅವರ ಸಂಘಟನೆ ಹೈಕೋರ್ಟಿಗೆ ಹೋಯಿತು. 1997ರ ಜನವರಿಯಲ್ಲಿ ತೀರ್ಪು ಬಂತು. ಅರಣ್ಯ ಜಾಗವನ್ನು ಹೀಗೆ ಕೊಡಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಮೊದಲೇ ಬೇಕು. ಅದನ್ನು ತೆಗೆದುಕೊಂಡಿರಲಿಲ್ಲ. ಹೋಟೆಲ್ ಯೋಜನೆ ಅಲ್ಲಿಗೆ ನಿಂತಿತು.

ಅದೇ ವರ್ಷ ಡಿಸೆಂಬರ್ 9ರಂದು ಕಾರಂತರು ತೀರಿಕೊಂಡರು. 95 ವರ್ಷದ ತುಂಬು ಬಾಳು. ಮೂರ್ಕಲ್ ಗೆಲುವು ಆ ಬುಡಕಟ್ಟಿನ ಮಂದಿಯದು, ಅದನ್ನು ಕಾರಂತರ ಲೆಕ್ಕಕ್ಕೆ ಬರೆಯೋದು ಬ್ಯಾಡ. ಆದರೆ ಪಲ್ಪ್‌ವುಡ್ ಕೇಸಿನಲ್ಲೂ ಈ ಕೇಸಿನಲ್ಲೂ ಎದ್ದ ಪ್ರಶ್ನೆ ಒಂದೇ. ಜಾಗ ಯಾರದು, ಕೊಟ್ಟವರು ಯಾರು, ಯಾರನ್ನು ಕೇಳಿ ಕೊಟ್ಟರು?

ನಮಗೇನು ಆಗಬೇಕಾಗ್ಯಾದ?

ಈ ಲೇಖನ ಬರೀತೀನಿ ಅಂದಾಗ ನಮ್ಮ ಬಜಾರಿನ ಕಿರಾಣಿ ಅಂಗಡಿ ಕಾಕಾ ಇದನ್ನೇ ಕೇಳಿದರು. ಘಟ್ಟ ಎಲ್ಲಿ, ನಾವೆಲ್ಲಿ? ರೆಸಾರ್ಟ್ ಬಂದ್ರ ಅಲ್ಲಿನ ಹುಡುಗರಿಗೆ ಕೆಲಸ ಸಿಗ್ತದ, ಅಂಗಡಿಗೆ ಗಿರಾಕಿ ಬರ್ತಾರ, ಅದಕ್ಯಾಕ ಅಡ್ಡ ಅಂದರು. ಕಾಕಾನ ಮಾತು ಪೂರ್ತಿ ಸುಳ್ಳಲ್ಲ. ಘಟ್ಟದ ಊರುಗಳಲ್ಲೂ ಹಂಗ ಅನ್ನೋರು ಭಾಳ ಮಂದಿ ಅದಾರ.

ಆದರೆ ನಮ್ಮ ನೀರು ಎಲ್ಲಿಂದ ಬರ್ತದ ನೋಡ್ರಿ. ಅಫಜಲಪುರ, ಜೇವರ್ಗಿ ದಾಟಿ ಹರಿಯೋ ಭೀಮಾ ನದಿ ಹುಟ್ಟೋದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅದೂ ಅದೇ ಸಹ್ಯಾದ್ರಿ ಸಾಲು. ಸೊನ್ನ ಬ್ಯಾರೇಜಿನಲ್ಲಿ ನಿಂತ ನೀರು ಆ ಬೆಟ್ಟದ ಮಳೆ. ಭೀಮಾ ಹೋಗಿ ಸೇರೋ ಕೃಷ್ಣಾ ಹುಟ್ಟೋದು ಮಹಾಬಳೇಶ್ವರದಲ್ಲಿ. ಅಲ್ಲಿ ಹೋಟೆಲು, ಕಟ್ಟಡ ಹೆಚ್ಚಾಗಿ, ಕೊನೆಗೆ 2001ರಲ್ಲಿ ಕೇಂದ್ರ ಸರ್ಕಾರ ಮಹಾಬಳೇಶ್ವರ-ಪಂಚಗಣಿಯನ್ನು ಪರಿಸರ ಸೂಕ್ಷ್ಮ ವಲಯ ಅಂತ ಘೋಷಿಸಬೇಕಾಯಿತು. ಬೇಸಿಗೆಯಲ್ಲಿ ಭೀಮಾ ಬತ್ತಿ, ಮಹಾರಾಷ್ಟ್ರದಿಂದ ನೀರು ಬಿಡಿಸ್ರಿ ಅಂತ ಅಫಜಲಪುರದಾಗ ಮಂದಿ ಧರಣಿ ಕೂತದ್ದು ಕಾಕಾನೂ ನೋಡ್ಯಾರ. ಅಣೆಕಟ್ಟಿನ ಗೇಟು ತೆರೆಯೋದು ಅಧಿಕಾರಿಗಳ ಕೈಯಾಗ ಅದ. ಅದರ ಹಿಂದಿರೋ ನೀರನ್ನು ಹಿಡಿದಿಟ್ಟು ಬಿಡೋದು ಬೆಟ್ಟದ ಕಾಡು. ಘಟ್ಟ ದೂರ ಅದ ಖರೇ, ನಮಗ ಸಂಬಂಧ ಇಲ್ಲ ಅಂತ ಅನ್ನಲಿಕ್ಕೆ ಬರಲ್ಲ.

ನಮ್ಮ ಜಿಲ್ಲೆಗೂ ಚಿಂಚೋಳಿ ವನ್ಯಜೀವಿ ಧಾಮ ಅದ. ನಮ್ಮ ಊರುಗಳಲ್ಲೂ ಗಾಯರಾಣ, ಕೆರೆ ಅಂಗಳ ಅದಾವ. ನಾಳೆ ಅಲ್ಲಿ ಯಾವುದಾದರೂ ಬೋರ್ಡು ಬಿದ್ದರೆ ಜಗಳಕ್ಕೆ ಹೋಗೋದು ಬ್ಯಾಡ. ಮೊದಲು ಗ್ರಾಮ ಪಂಚಾಯಿತಿಗೆ, ತಹಶೀಲ್ದಾರ್ ಕಚೇರಿಗೆ ಹೋಗಿ ಪಹಣಿ ತೆಗೆಸ್ರಿ. ಅನುಮತಿ ಕಾಗದ ತೋರಿಸ್ರಿ ಅಂತ ಕೇಳ್ರಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ರಿ, 30 ದಿನದಾಗ ಉತ್ತರ ಕೊಡಬೇಕು ಅಂತ ಕಾನೂನು ಅದ. ಮೂರ್ಕಲ್ ಕೇಸು ನಿಂತದ್ದು ಇಂಥ ಒಂದು ಕಾಗದದ ಮೇಲೆ.

ಈ ದಸರಾ ಸೂಟಿಗೆ ಟ್ರಿಪ್ ಹೋಗೋರು ಹೋಗಿ ಬರ್ರಿ. ಇಳಿದುಕೊಂಡ ಜಾಗದಲ್ಲಿ, ಮೊದಲು ಇಲ್ಲಿ ಏನಿತ್ತು ಅಂತ ಅಲ್ಲಿ ಕೆಲಸ ಮಾಡೋ ಹುಡುಗರನ್ನು ಒಮ್ಮೆ ಕೇಳಿ ನೋಡ್ರಿ. ವಾಪಸ್ ಬಂದ ಮೇಲೆ ಹೇಳ್ರಿ, ನಾನು ಬರೀತೀನಿ.