ಬಿರುಗಾಳಿ ರಾತ್ರಿ ಶುರುವಾದ ಪಶ್ಚಾತ್ತಾಪ, ಪೂರ್ತಿಯಾಗಿದ್ದು 40 ವರ್ಷಕ್ಕೆ!

ಜಗತ್ತಿನ ಚರ್ಚುಗಳಲ್ಲಿ ತುಂಬಾ ಹಾಡುವ ಗೀತೆಗಳಲ್ಲಿ ‘ಅಮೇಜಿಂಗ್ ಗ್ರೇಸ್’ ಒಂದು. ಬರೆದವನು ಇಂಗ್ಲೆಂಡಿನ ಜಾನ್ ನ್ಯೂಟನ್. ಪಾದ್ರಿ ಆಗೋಕೆ ಮುಂಚೆ ಈತ ಏನು ಮಾಡ್ತಿದ್ದ ಗೊತ್ತಾ? ಆಫ್ರಿಕಾದ ಜನರನ್ನು ಹಡಗಿಗೆ ತುಂಬಿಕೊಂಡು ಹೋಗಿ ಮಾರುತ್ತಿದ್ದ.

ನ್ಯೂಟನ್ ಹುಟ್ಟಿದ್ದು 1725ರಲ್ಲಿ, ಲಂಡನ್‌ನಲ್ಲಿ. ದೇವರ ವಾಕ್ಯ ಕಲಿಸಿದ ತಾಯಿ, ಮಗನಿಗೆ ಏಳು ತುಂಬುವ ಮೊದಲೇ ತೀರಿಹೋದಳು. 11ನೇ ವಯಸ್ಸಿಗೆ ಅಪ್ಪನ ಜೊತೆ ಹಡಗು ಹತ್ತಿದ ಹುಡುಗ ಬೆಳೀತಾ ಬೆಳೀತಾ ದೇವರನ್ನೇ ಬೈಯುವ ಪುಂಡನಾದ. ನೌಕಾಪಡೆಯಿಂದ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದು ಚಾಟಿ ಏಟು ತಿಂದ. ಆಮೇಲೆ ಪಶ್ಚಿಮ ಆಫ್ರಿಕಾದಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಕೈಕೆಳಗೆ ಹೊಟ್ಟೆಗಿಲ್ಲದೆ ನರಳಿದ.

1748ರ ಮಾರ್ಚ್. ಊರಿಗೆ ವಾಪಸ್ ಬರುವಾಗ ಅಟ್ಲಾಂಟಿಕ್ ಸಮುದ್ರದಲ್ಲಿ ಭಾರೀ ಬಿರುಗಾಳಿ ಎದ್ದಿತು. ಹಡಗಿನ ಒಂದು ಮಗ್ಗುಲು ಒಡೆದು ನೀರು ನುಗ್ಗಿತು. ಗಂಟೆಗಟ್ಟಲೆ ಪಂಪು ಒತ್ತಿ ಸುಸ್ತಾದ ನ್ಯೂಟನ್, ಎಷ್ಟೋ ವರ್ಷದ ಮೇಲೆ ದೇವರ ಕರುಣೆ ಬೇಡಿದ. ಹಡಗು ಹೇಗೋ ಐರ್ಲೆಂಡ್ ದಡ ಸೇರಿತು. ಆ ದಿನವನ್ನು ಈತ ಸಾಯೋವರೆಗೂ ಮರೆಯಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುಗೀಲಿಲ್ಲ. ಬೈಗುಳ ಬಿಟ್ಟ, ಬೈಬಲ್ ಹಿಡಿದ, ಆದರೆ ದಂಧೆ ಬಿಡಲಿಲ್ಲ. 1750ರಿಂದ 1754ರವರೆಗೆ ಮೂರು ಸಲ ಗುಲಾಮರ ಹಡಗಿಗೆ ತಾನೇ ಕ್ಯಾಪ್ಟನ್ ಆದ. ಮೇಲೆ ನಾವಿಕರ ಜೊತೆ ಭಾನುವಾರದ ಆರಾಧನೆ, ಕೆಳಗೆ ಸರಪಳಿ ಹಾಕಿದ ಜನ! ಕಡೆಗೆ ಸಮುದ್ರ ಬಿಟ್ಟಿದ್ದು ಮನಸ್ಸು ಚುಚ್ಚಿ ಅಲ್ಲ, ದಿಢೀರ್ ಆರೋಗ್ಯ ಕೆಟ್ಟು.

1764ರಲ್ಲಿ ಓಲ್ನಿ ಎಂಬ ಊರಿಗೆ ಪಾದ್ರಿಯಾಗಿ ಬಂದ. ಅದೇ ವರ್ಷ ಈತನ ಜೀವನಕಥೆ ಅಚ್ಚಾಯಿತು. ತಾನೆಂಥ ಪಾಪಿ ಅಂತ ಅದರಲ್ಲಿ ಬರೆದುಕೊಂಡ. ಆದರೆ ಮನುಷ್ಯರನ್ನು ಮಾರಿದ್ದನ್ನು ಪಾಪದ ಲೆಕ್ಕಕ್ಕೆ ಸೇರಿಸಲಿಲ್ಲ. 1773ರ ಹೊಸ ವರ್ಷದ ಆರಾಧನೆಗೆ ಆ ಪ್ರಸಿದ್ಧ ಗೀತೆ ಬರೆದಾಗಲೂ ಈ ಬಗ್ಗೆ ಬಹಿರಂಗವಾಗಿ ಒಂದು ಮಾತೂ ಆಡಿರಲಿಲ್ಲ.

1785ರಲ್ಲಿ ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಯುವ ಸಂಸದ ಗುಟ್ಟಾಗಿ ಬಂದು ನ್ಯೂಟನ್‌ನನ್ನು ಕಂಡ. ದೇವರ ಸೇವೆಗಾಗಿ ರಾಜಕೀಯ ಬಿಡಲೋ ಬೇಡವೋ ಅನ್ನೋದು ಅವನ ಗೊಂದಲ. ಬಿಡಬೇಡ, ಅಲ್ಲಿದ್ದುಕೊಂಡೇ ಸೇವೆ ಮಾಡು ಎಂದು ನ್ಯೂಟನ್ ಬುದ್ಧಿ ಹೇಳಿದ. ಗುಲಾಮರ ವ್ಯಾಪಾರದ ವಿರುದ್ಧ ಸಂಸತ್ತಿನಲ್ಲಿ ವರ್ಷಾನುಗಟ್ಟಲೆ ಹೋರಾಡಿದ್ದು ಇದೇ ವಿಲ್ಬರ್‌ಫೋರ್ಸ್.

1788ರಲ್ಲಿ ನ್ಯೂಟನ್ ಕೂಡ ಬಾಯಿ ಬಿಟ್ಟ. ಹಡಗಿನ ತಳದಲ್ಲಿ ಜನರನ್ನು ಹೇಗೆ ಒತ್ತೊತ್ತಾಗಿ ಮಲಗಿಸುತ್ತಿದ್ದರು, ಹೇಗೆ ಹಿಂಸೆ ಕೊಡುತ್ತಿದ್ದರು, ಎಲ್ಲವನ್ನೂ ಕಿರುಪುಸ್ತಕದಲ್ಲಿ ಬರೆದ. ಅದರಲ್ಲಿ ತನ್ನ ಪಾಲೂ ಇತ್ತು, ಈ ಒಪ್ಪಿಗೆ ತುಂಬಾ ತಡವಾಯಿತು ಎಂದು ನಾಚಿಕೆಯಿಂದ ಒಪ್ಪಿಕೊಂಡ. ಸಂಸತ್ ಸಮಿತಿ ಮುಂದೆಯೂ ಸಾಕ್ಷಿ ನುಡಿದ. 1807ರ ಮಾರ್ಚ್‌ನಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿತು. ಕಣ್ಣು ಮಂಜಾಗಿದ್ದ ಮುದುಕ ಅದನ್ನು ಕೇಳುವಷ್ಟು ಕಾಲ ಬದುಕಿದ್ದ. ಅದೇ ಡಿಸೆಂಬರ್ 21ರಂದು, 82ನೇ ವಯಸ್ಸಿಗೆ ಕಣ್ಮುಚ್ಚಿದ.

ಪಾಪದ ಅರಿಕೆ ಅಂದ್ರೆ ಅಂಗಡಿ ಲೆಕ್ಕದ ಹಾಗೆ. ಎಲ್ಲೋ ಒಂದಿಷ್ಟು ಬಾಕಿ ಇದೆ ಅಂದ್ರೆ ಸಾಲದು. ಯಾರಿಗೆ, ಎಷ್ಟು ಅಂತ ಬರೀಬೇಕು. ನ್ಯೂಟನ್ ಆ ಪುಟ ತೆರೆಯೋಕೆ 40 ವರ್ಷ ತಗೊಂಡ. ಆದರೂ ಮುಚ್ಚಿಟ್ಟು ಸಾಯಲಿಲ್ಲ.