ಮಿಂಚಿಗೆ ಮೊದಲು ಪದ ಹಿಡಿದವ

ಬಿ.ಇ. ಓದುವ ನಮಗೆ ಬೆಂಜಮಿನ್ ಫ್ರಾಂಕ್ಲಿನ್ ಎಂದರೆ ಗಾಳಿಪಟ, ಮಿಂಚು. ನನಗೆ ಇಷ್ಟವಾಗಿದ್ದು ಅದಕ್ಕೂ ಮೊದಲಿನ ಫ್ರಾಂಕ್ಲಿನ್.

1706ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಆತ ಮೇಣದಬತ್ತಿ ಮಾಡುವವರ ಮಗ. ಶಾಲೆಗೆ ಹೋಗಿದ್ದು ಎರಡೇ ವರ್ಷ. 12ನೇ ವಯಸ್ಸಿಗೇ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ನಿಂತ. ಕಾಗುಣಿತವೇನೋ ಸರಿಯಿದೆ, ಬರವಣಿಗೆಯಲ್ಲಿ ಸೊಗಸಿಲ್ಲ ಎಂದು ಅಪ್ಪ ತೋರಿಸಿಕೊಟ್ಟರು.

ಆಗ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಬಿಡಿ ಸಂಪುಟವೊಂದು ಸಿಕ್ಕಿತು. ಪ್ರತಿ ವಾಕ್ಯದ ಸಾರವನ್ನಷ್ಟೇ ಗುರುತು ಹಾಕಿಕೊಂಡು, ಕೆಲವು ದಿನ ಬಿಟ್ಟು, ಇಡೀ ಪ್ರಬಂಧವನ್ನು ತನ್ನ ಮಾತಿನಲ್ಲಿ ಬರೆಯುತ್ತಿದ್ದ. ಮೂಲದೊಂದಿಗೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದ. ಪದಗಳ ಕೊರತೆ ಕಂಡಾಗ ಕತೆಗಳನ್ನು ಪದ್ಯವಾಗಿಸಿದ; ಪ್ರಾಸಕ್ಕೆ ಹೊಂದುವ ಸಮಾನಾರ್ಥಕ ಪದ ಹುಡುಕಲೇಬೇಕಾಯಿತು. ಮೂಲ ಮರೆತ ಮೇಲೆ ಅವನ್ನೇ ಮತ್ತೆ ಗದ್ಯಕ್ಕಿಳಿಸಿದ. ಇದೆಲ್ಲ ನಡೆದಿದ್ದು ಕೆಲಸ ಮುಗಿದ ಮೇಲೆ ರಾತ್ರಿ, ಇಲ್ಲವೇ ಮುಂಜಾನೆ.

1722ರಲ್ಲಿ, 16ನೇ ವಯಸ್ಸಿಗೆ, ವಿಧವೆಯೊಬ್ಬಳ ಹೆಸರಲ್ಲಿ ಬರೆದು ಮುದ್ರಣಾಲಯದ ಬಾಗಿಲಡಿ ತೂರಿಸಿದ. ಯಾರದೆಂದು ತಿಳಿಯದೆಯೇ ಅಣ್ಣ ಪ್ರಕಟಿಸಿದ. ಅಂಥ ಬರಹಗಳು ಒಟ್ಟು 14 ಬಂದವು.

ಪ್ಲೇಸ್‌ಮೆಂಟ್‌ಗೆಂದು ನಾವು ಪದಗಳ ಪಟ್ಟಿ ಉರು ಹೊಡೆಯುತ್ತೇವೆ. ವಾರ ಕಳೆದರೆ ಎಷ್ಟು ಉಳಿಯುತ್ತವೆ? ಈಗ ನಾನು ದಿನಕ್ಕೊಂದು ಪ್ಯಾರಾ ಓದಿ, ಮುಚ್ಚಿಟ್ಟು, ಮತ್ತೆ ಬರೆಯುತ್ತಿದ್ದೇನೆ. ಸಿಗುವುದು ಎರಡೋ ಮೂರೋ ಹೊಸ ಪದ. ಆದರೆ ಮಾತಾಡುವಾಗ ಅವು ಕೈಕೊಡುವುದಿಲ್ಲ.